ಯೂರಿಪಿಡೀಸನ ‘ಆಲ್ಸೆಸ್ಟಿಸ್’: ರೂಪಕಜಾತಿಯೂ ನಾಯಕನ ಗುಣದೋಷವಿಚಾರವೂ

ಪ್ರಾಚೀನ ಗ್ರೀಕರ ರುದ್ರನಾಟಕಗಳಲ್ಲಿ ಕಾಲನ ಬಾಯಿಗೆ ಬೀಳದೆ ಉಳಿದು ಬಂದಿರುವುವು ಕೆಲವೇ. ಆ ಕೆಲವರಲ್ಲಿ ಯೂರಿಪಿಡೀಸ್ ಕವಿಯ ‘ಆಲ್ಸೆಸ್ಟಿಸ್’ ಎಂಬುದರಷ್ಟು ವಿದ್ವಾಂಸರನ್ನು ಕವಲುದಾರಿಯಲ್ಲಿ ನಿಲ್ಲಿಸಿರುವ ಕೃತಿಗಳು ವಿರಳವೆಂದೇ ಹೇಳಬೇಕು. ಇದರ ವಿಷಯದಲ್ಲಿ ಎರಡು ಪ್ರಶ್ನೆಗಳು ಬಹುಕಾಲದಿಂದ ನಡೆದುಬಂದಿವೆ. ಇದು ಯಾವ ಜಾತಿಯ ರೂಪಕ ಎಂಬುದು ಮೊದಲನೆಯದು; ಇದರ ನಾಯಕನಾದ ಅಡ್ಮೀಟಸ್ ದೊರೆಯು ಸತ್ಪುರುಷನೋ ಹೇಡಿಯೋ ಎಂಬುದು ಎರಡನೆಯದು. ಮೊದಲನೆಯದನ್ನು ಲಾಕ್ಷಣಿಕರಿಗೂ ಎರಡನೆಯದನ್ನು ನೀತಿವಿಚಾರಕರಿಗೂ ಬಿಟ್ಟು, ಇವನ್ನು ಬೇರೆ ಬೇರೆಯಾಗಿ ಚರ್ಚಿಸುವುದು ವಾಡಿಕೆಯಾಗಿದೆ. ಆದರೆ ನಾಟಕದ ರಚನೆಯನ್ನೂ ಮುಂದಿನ ಶತಮಾನಗಳಲ್ಲಿ ಅದು ತಾಳಿದ ರೂಪಾಂತರಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಇವೆರಡೂ ಒಂದೇ ಗಂಟಿನ ಎರಡು ಎಳೆಗಳೆಂಬುದು ವ್ಯಕ್ತವಾಗುತ್ತದೆ. ಒಂದನ್ನು ಬಿಡಿಸಲು ಹೊರಟವರು ಮತ್ತೊಂದನ್ನೂ ಕಿತ್ತುಹಾಕಬೇಕಾಯಿತೆಂಬುದಕ್ಕೆ ಚರಿತ್ರೆಯೇ ಸಾಕ್ಷಿಯಾಗಿದೆ.

ಈ ನಾಟಕವು ಕ್ರಿ. ಪೂ. 438ರಲ್ಲಿ ಅಥೆನ್ಸ್ ನಗರದ ಡಯೊನೈಸಸ್ ದೇವರ ಉತ್ಸವದಲ್ಲಿ ಪ್ರಯೋಗವಾಯಿತು. ಕಾಲವು ನಿಶ್ಚಿತವಾಗಿರುವ ಯೂರಿಪಿಡೀಸನ ಉಪಲಬ್ಧ ನಾಟಕಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದುದು. ಆ ವರ್ಷದ ಸ್ಪರ್ಧೆಯಲ್ಲಿ ಸೋಫೋಕ್ಲೀಸನಿಗೆ ಪ್ರಥಮ ಸ್ಥಾನವೂ ಯೂರಿಪಿಡೀಸನಿಗೆ ದ್ವಿತೀಯ ಸ್ಥಾನವೂ ದೊರೆತುವು. ಯೂರಿಪಿಡೀಸನು ಅಂದು ಆಡಿಸಿದ ನಾಟಕಗಳು ‘ಕ್ರೀಟಿನ ಸ್ತ್ರೀಯರು’, ‘ಸೋಫಿಸಿನಲ್ಲಿ ಅಲ್ಕ್ಮಿಯಾನ್’, ‘ಟೆಲಿಫಸ್’, ‘ಆಲ್ಸೆಸ್ಟಿಸ್’ ಎಂಬ ನಾಲ್ಕು. ಮೊದಲಿನ ಮೂರು ನಾಟಕಗಳು ಬಿಡಿ ತುಣುಕುಗಳಾಗಿ ಮಾತ್ರ ಉಳಿದಿವೆ.

ಇಲ್ಲಿ ಗಮನಿಸಬೇಕಾದುದು ನಾಲ್ಕನೆಯದೆಂಬ ಸ್ಥಾನವನ್ನು. ರುದ್ರನಾಟಕದ ಸ್ಪರ್ಧೆಯಲ್ಲಿ ಪ್ರತಿಯೊಬ್ಬ ಕವಿಯೂ ಮೂರು ರುದ್ರನಾಟಕಗಳನ್ನಾಡಿಸಿ, ಕೊನೆಯಲ್ಲಿ ಒಂದು ಸ್ಯಾಟಿರ್ ನಾಟಕವನ್ನು ಆಡಿಸುವುದು ಅಥೆನ್ಸಿನ ಪದ್ಧತಿಯಾಗಿತ್ತು. ಸ್ಯಾಟಿರರೆಂದರೆ ಡಯೊನೈಸಸ್ ದೇವರ ಪರಿವಾರಕ್ಕೆ ಸೇರಿದ, ಅರ್ಧ ಪಶುರೂಪವನ್ನುಳ್ಳ, ಕುಡಿತ ಕುಣಿತಗಳಲ್ಲಿ ಆಸಕ್ತರಾದ ಜೀವಿಗಳು. ಅವರೇ ಮೇಳದವರಾಗಿ ಬಂದು, ಪುರಾಣಕಥೆಯೊಂದನ್ನು ನಗೆಯಾಟವಾಗಿ ತಿರುಗಿಸುವರು. ಯೂರಿಪಿಡೀಸನ ‘ಸೈಕ್ಲೋಪ್ಸ್’ ಈ ಜಾತಿಯಲ್ಲಿ ಪೂರ್ಣವಾಗಿ ಉಳಿದಿರುವ ಏಕೈಕ ಕೃತಿ. ಈಜಿಪ್ಟಿನ ಮರಳಿನಲ್ಲಿ ದೊರೆತು 1912ರಲ್ಲಿ ಪ್ರಕಟವಾದ ಸೋಫೋಕ್ಲೀಸನ ‘ಜಾಡು ಹಿಡಿಯುವವರು’ ಎಂಬುದರ ದೊಡ್ಡದೊಂದು ಭಾಗವೂ ಈಗ ಅದರ ಜೊತೆಗಿದೆ. ಸ್ಯಾಟಿರ್ ನಾಟಕಕ್ಕೆ ಮೀಸಲಾದ ಈ ನಾಲ್ಕನೆಯ ಸ್ಥಾನದಲ್ಲಿ ಯೂರಿಪಿಡೀಸನು ‘ಆಲ್ಸೆಸ್ಟಿಸ್’ ನಾಟಕವನ್ನಿರಿಸಿದನು. ಆದರೆ ಇದರಲ್ಲಿ ಸ್ಯಾಟಿರರಿಲ್ಲ. ಮೇಳದವರು ಥೆಸಲಿ ದೇಶದ ಫೀರೀ ಪಟ್ಟಣದ ಗಂಭೀರ ವೃದ್ಧರು.

ಕಥೆಯನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗಿದೆ. ಅಪಾಲೋ ದೇವನು ಶಿಕ್ಷಾರ್ಥವಾಗಿ ಮರ್ತ್ಯನಾದ ಅಡ್ಮೀಟಸನ ಮನೆಯಲ್ಲಿ ಊಳಿಗ ಮಾಡಬೇಕಾಗಿ ಬರುತ್ತದೆ. ದೊರೆಯು ತೋರಿದ ಆದರಕ್ಕೆ ಮೆಚ್ಚಿ, ವಿಧಿದೇವತೆಗಳನ್ನು ವಂಚಿಸಿ, ಅವನಿಗೆ ಬಂದ ಮರಣವನ್ನು ಬೇರೊಬ್ಬರು ವಹಿಸಿಕೊಂಡರೆ ಅವನು ಬದುಕಬಹುದೆಂಬ ವರವನ್ನು ಅಪಾಲೋ ಪಡೆಯುತ್ತಾನೆ. ಬಂಧುಮಿತ್ರರೂ ಮುದಿ ತಂದೆತಾಯಿಗಳೂ ಒಲ್ಲೆನೆನ್ನುತ್ತಾರೆ. ಹೆಂಡತಿಯಾದ ಆಲ್ಸೆಸ್ಟಿಸ್ ಒಪ್ಪುತ್ತಾಳೆ. ನಾಟಕವು ಅವಳು ಸಾಯಬೇಕಾದ ದಿನ ಮೊದಲಾಗುತ್ತದೆ. ಆಕೆಯು ಮಕ್ಕಳೆದುರಿಗೆ, ರಂಗದ ಮೇಲೆಯೇ, ಪ್ರಾಣ ಬಿಡುತ್ತಾಳೆ. ಗ್ರೀಕ್ ರಂಗದಲ್ಲಿ ಇದು ಅಪೂರ್ವ. ಮಲತಾಯಿಯನ್ನು ತರಬೇಡವೆಂದು ಅವಳು ಬೇಡಿದುದಕ್ಕೆ, ಇನ್ನಾವ ಸ್ತ್ರೀಯೂ ಈ ಮನೆಗೆ ಬರುವುದಿಲ್ಲವೆಂದೂ, ಜೀವವಿರುವವರೆಗೂ ಶೋಕವನ್ನು ಬಿಡುವುದಿಲ್ಲವೆಂದೂ ಅಡ್ಮೀಟಸನು ಮಾತು ಕೊಡುತ್ತಾನೆ. ಅಷ್ಟರಲ್ಲಿ ಪೂರ್ವಸ್ನೇಹಿತನಾದ ಹೆರಕ್ಲೀಸನು ಅತಿಥಿಯಾಗಿ ಬರುತ್ತಾನೆ. ದೊರೆಯು ಹೆಂಡತಿಯ ಮರಣವನ್ನು ಮರೆಮಾಡಿ ಅವನನ್ನು ಉಪಚರಿಸುತ್ತಾನೆ. ಕುಡಿದು ಹಾಡುತ್ತಿದ್ದ ಹೆರಕ್ಲೀಸನಿಗೆ ಸೇವಕನೊಬ್ಬನಿಂದ ನಿಜ ತಿಳಿಯುತ್ತದೆ. ಅವನು ಸಮಾಧಿಯ ಬಳಿಗೆ ಹೋಗಿ ಮೃತ್ಯುವನ್ನು ಮಲ್ಲಯುದ್ಧದಲ್ಲಿ ಗೆದ್ದು, ಮುಸುಕಿಟ್ಟ ಹೆಣ್ಣೊಬ್ಬಳನ್ನು ಕರೆತಂದು ಅಡ್ಮೀಟಸನ ಕೈಯಲ್ಲಿಡುತ್ತಾನೆ. ಮುಸುಕು ತೆಗೆದರೆ ಅವಳು ಆಲ್ಸೆಸ್ಟಿಸ್!

ಇಂತಹ ಕಥೆಯನ್ನು ಲಾಕ್ಷಣಿಕರು ಹೇಗೆ ವಿಂಗಡಿಸಬೇಕು? ಹಸ್ತಪ್ರತಿಗಳಲ್ಲಿ ನಾಟಕಕ್ಕೆ ಹಿಂದೆ ಸೇರಿ ಬಂದಿರುವ ಪ್ರಾಚೀನ ಪೀಠಿಕೆಯೇ ಇದರ ಮುಕ್ತಾಯವು ಹರ್ಷನಾಟಕದಂತಿದೆಯೆಂದೂ, ಸಂತೋಷದಲ್ಲಿ ಮುಗಿಯುವುದರಿಂದ ಇದು ಸ್ಯಾಟಿರ್ ನಾಟಕಕ್ಕೆ ಸಮೀಪವೆಂದೂ ಹೇಳಿ, ಇದನ್ನೂ ಅದೇ ಕವಿಯ ‘ಒರೆಸ್ಟೀಸ್’ ನಾಟಕವನ್ನೂ ರುದ್ರಕಾವ್ಯದ ಎಲ್ಲೆಯಿಂದ ಹೊರಗಿಡುತ್ತದೆ. ನಾಟಕವು ನಾಲ್ಕನೆಯದಾಗಿ ಆಡಲ್ಪಟ್ಟಿತೆಂಬ ಸಂಗತಿಯಾದರೋ ವ್ಯಾಟಿಕನ್ ಗ್ರಂಥಾಲಯದ ಹಸ್ತಪ್ರತಿಯೊಂದರಿಂದ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಮಾತ್ರ ಅಚ್ಚಾಗಿ ಬೆಳಕಿಗೆ ಬಂದಿತು. ಅದು ತಿಳಿದ ಮೇಲೆ ಅನೇಕರು ತೊಡಕು ಪರಿಹಾರವಾಯಿತೆಂದೇ ಭಾವಿಸಿದರು. ಇದು ಸ್ಯಾಟಿರ್ ನಾಟಕದ ಬದಲಿಗೆ ಬಂದ ಕೃತಿ, ಆದ್ದರಿಂದ ಅಡ್ಮೀಟಸನ ನಡತೆಯನ್ನು ಬಹಳ ಗಂಭೀರವಾಗಿ ತೂಗಬೇಕಾಗಿಲ್ಲ ಎಂಬ ವಾದವು ಹುಟ್ಟಿತು. ಸ್ಯಾಟಿರರನ್ನು ಕವಿಯು ಏಕೆ ಬಿಟ್ಟನೆಂಬುದಕ್ಕೂ ಊಹೆಗಳು ಹೊರಟುವು. ಮೊರಿಕಿಡೀಸನ ಅಧಿಕಾರವರ್ಷವಾದ ಕ್ರಿ. ಪೂ. 440-39ರಲ್ಲಿ ಹರ್ಷನಾಟಕಕ್ಕೆ ನಿರ್ಬಂಧವನ್ನು ವಿಧಿಸುವ ಶಾಸನವೊಂದು ಅಥೆನ್ಸಿನಲ್ಲಿ ಜಾರಿಗೆ ಬಂದು, 437-36ರಲ್ಲಿ ರದ್ದಾಯಿತು. ‘ಆಲ್ಸೆಸ್ಟಿಸ್’ ಆಡಿದುದು ಆ ಅವಧಿಯೊಳಗೆ. ಆದುದರಿಂದ ಕವಿಯು ಆ ನಿರ್ಬಂಧವನ್ನು ಮನಸ್ಸಿನಲ್ಲಿಟ್ಟು ಸ್ಯಾಟಿರರಿಲ್ಲದ ನಾಲ್ಕನೆಯ ನಾಟಕವನ್ನು ರಚಿಸಿದನೆಂದು ಸಿ. ಡಬ್ಲ್ಯು. ಮಾರ್ಷಲ್ 2000ದಲ್ಲಿ ಸೂಚಿಸಿದ್ದಾರೆ.

ಈ ಊಹೆಯು ನಿಜವಾಗಿದ್ದರೂ ಸ್ಥಾನದಿಂದ ಸ್ವರೂಪವು ನಿರ್ಣಯವಾಗುವುದಿಲ್ಲ. ಸುಖಾಂತವಾದ ಮಾತ್ರಕ್ಕೆ ಗ್ರೀಕರಲ್ಲಿ ನಾಟಕವು ರುದ್ರನಾಟಕದ ಪಂಕ್ತಿಯಿಂದ ಎದ್ದು ಹೋಗಬೇಕಾಗಿರಲಿಲ್ಲ. ಕ್ರಿ. ಪೂ. 458ರಲ್ಲಿ ಈಸ್ಕಿಲಸನ ಒರೆಸ್ಟೀಸನ ಕಥಾತ್ರಯವು ಕೋಪದೇವತೆಗಳ ಶಾಂತಿಯಲ್ಲಿ ಮುಗಿಯಿತು. 409ರಲ್ಲಿ ಸೋಫೋಕ್ಲೀಸನ ‘ಫಿಲಾಕ್ಟಿಟೀಸ್’ ನಾಯಕನ ರೋಗಶಮನದ ಆಶ್ವಾಸನೆಯಲ್ಲಿ ಮುಗಿಯಿತು. ಅರಿಸ್ಟಾಟಲನು ಸಹ ಈ ವಿಷಯದಲ್ಲಿ ಒಂದೇ ಮಾತಿಗೆ ನಿಂತವನಲ್ಲ. ತನ್ನ ಕಾವ್ಯಮೀಮಾಂಸೆಯ ಹದಿಮೂರನೆಯ ಅಧ್ಯಾಯದಲ್ಲಿ ಸುಖದಿಂದ ದುಃಖಕ್ಕೆ ಇಳಿಯುವ ಕಥೆಯೇ ಉತ್ತಮವೆಂದವನು, ಮರುಅಧ್ಯಾಯದಲ್ಲಿ, ಸಕಾಲದಲ್ಲಿ ಪ್ರತ್ಯಭಿಜ್ಞಾನವುಂಟಾಗಿ ಘೋರಕೃತ್ಯವು ತಪ್ಪಿಹೋಗುವ ಕಥೆಯನ್ನು ಎಲ್ಲಕ್ಕಿಂತ ಮೇಲೆನ್ನುತ್ತಾನೆ. ಶಾಸ್ತ್ರಕಾರನಲ್ಲಿಯೇ ಈ ಇಬ್ಬಗೆಯಿರುವಾಗ, ಹೆಸರಿನ ಬಲದಿಂದಲೇ ನಾಯಕನನ್ನು ಬಿಡುಗಡೆ ಮಾಡುವುದು ಅಥವಾ ದಂಡಿಸುವುದು ಸಾಧುವಾಗಲಾರದು.

ಇನ್ನು ನಾಯಕನ ವಿಚಾರ. ನಾಟಕದ ಆರಂಭದಲ್ಲಿಯೇ ಅಪಾಲೋ ದೇವನು ಅಡ್ಮೀಟಸನನ್ನು ಧರ್ಮಿಷ್ಠನೆಂದು ಹೊಗಳುತ್ತಾನೆ. ದೇವನ ಸಾಕ್ಷ್ಯಕ್ಕಿಂತ ಹಿರಿದಾದ ಸಾಕ್ಷ್ಯವೇನಿದೆ? ಆದರೆ ನಡುನಾಟಕದಲ್ಲಿ ತಂದೆಯಾದ ಫೆರೀಸನು ಶವಕ್ಕೆ ಕಾಣಿಕೆಗಳನ್ನು ಹಿಡಿದು ಬರುತ್ತಾನೆ. ಸಾವಿನ ಹೊಸ್ತಿಲಲ್ಲಿದ್ದರೂ ಮಗನಿಗಾಗಿ ಸಾಯಲೊಪ್ಪದ ಮುದುಕನೆಂದು ಮಗನು ಅವನನ್ನು ಹೀನಾಮಾನವಾಗಿ ಬೈಯುತ್ತಾನೆ. ಅದಕ್ಕೆ ಫೆರೀಸನು ಕೊಡುವ ಉತ್ತರವು ತೀಕ್ಷ್ಣವಾದುದು: ಮಕ್ಕಳಿಗಾಗಿ ತಂದೆ ಸಾಯಬೇಕೆಂಬುದು ಪೂರ್ವಿಕರ ಕಟ್ಟಳೆಯೂ ಅಲ್ಲ, ಗ್ರೀಕರ ಧರ್ಮವೂ ಅಲ್ಲ, ಬೆಳಕನ್ನು ನೋಡುವ ಆಸೆ ಮಗನಿಗಿರುವಂತೆ ತಂದೆಗೂ ಉಂಟು, ಹೆಂಡತಿಯನ್ನು ಮುಂದೊಡ್ಡಿ ತಾನು ಉಳಿದವನೇ ಅವಳನ್ನು ಕೊಂದವನು. ಹೀಗೆ ಹೇಳುವ ಫೆರೀಸನೂ ಗೌರವಕ್ಕೆ ಪಾತ್ರನಲ್ಲ. ಸತ್ತ ಮೇಲೆ ಅಪಕೀರ್ತಿ ಬಂದರೆ ತನಗೇನೆಂದು ಅವನೇ ಆಡುತ್ತಾನೆ. ಆದರೂ ಹೀನನ ಬಾಯಿಂದ ಬಂದಿತೆಂದು ಮಾತು ಸುಳ್ಳಾಗುವುದಿಲ್ಲ. ಕವಿಯು ಸತ್ಯವನ್ನು ಅನರ್ಹನ ಬಾಯಲ್ಲಿಟ್ಟು, ಕೇಳುವವರಿಗೆ ಅದನ್ನು ಒಪ್ಪಲೂ ತಳ್ಳಲೂ ಆಗದಂತೆ ಮಾಡಿದ್ದಾನೆ.

ಭಾರತದ ಕಥೆಗಳನ್ನು ಬಲ್ಲವರಿಗೆ ಇಲ್ಲಿ ಆದಿಪರ್ವದ ಎರಡು ಉಪಾಖ್ಯಾನಗಳು ನೆನಪಿಗೆ ಬರುವುದು ಸಹಜ. ಯಯಾತಿಯು ತನ್ನ ಮುಪ್ಪನ್ನು ಮಕ್ಕಳಿಗೆ ಕೊಟ್ಟು ಅವರ ಯೌವನವನ್ನು ಬೇಡಿದನು. ನಾಲ್ವರು ಒಲ್ಲೆನೆಂದರು, ಕಿರಿಯನಾದ ಪೂರುವು ಒಪ್ಪಿದನು. ಅಲ್ಲಿ ತಂದೆಯು ಬೇಡುವವನು, ಇಲ್ಲಿ ಮಗನು. ಅಲ್ಲಿ ನಿರಾಕರಿಸಿದವರಿಗೆ ಶಾಪವಾಯಿತು, ಕೊಟ್ಟವನಿಗೆ ರಾಜ್ಯವಾಯಿತು. ಯಯಾತಿಯೂ ಕಡೆಗೆ ಭೋಗದಿಂದ ತೃಪ್ತಿಯಿಲ್ಲವೆಂದು ಅರಿತು ಯೌವನವನ್ನು ಹಿಂದಕ್ಕೆ ಕೊಟ್ಟನು. ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ರುರುವು ತನ್ನ ಆಯುಸ್ಸಿನಲ್ಲಿ ಅರ್ಧವನ್ನಿತ್ತು ಬದುಕಿಸಿಕೊಂಡ ಕಥೆಯಲ್ಲಂತೂ ತ್ಯಾಗವೂ ಲಾಭವೂ ಸಮಪಾಲಾಗಿ ಹಂಚಿಹೋಗುತ್ತವೆ. ಈ ಕಥೆಗಳಲ್ಲಿ ಕೊಟ್ಟುದು ಇಷ್ಟು, ಪಡೆದುದು ಇಷ್ಟು ಎಂಬ ಲೆಕ್ಕವು ಕೊನೆಗೆ ಸರಿಹೋಗುತ್ತದೆ. ಯೂರಿಪಿಡೀಸನು ಅಂತಹ ಲೆಕ್ಕವನ್ನು ಒಪ್ಪಿಸುವುದಿಲ್ಲ. ಅಡ್ಮೀಟಸನು ಶಿಕ್ಷೆಯನ್ನು ಅನುಭವಿಸುವುದಿಲ್ಲ, ಕೊಂಡುದನ್ನು ಹಿಂದಿರುಗಿಸುವುದಿಲ್ಲ. ಕಳೆದುಕೊಂಡುದು ಮಾತ್ರ ಅವನಿಗೆ ಮರಳಿ ಬರುತ್ತದೆ.

ಅದು ಮರಳಿ ಬರುವ ಬಗೆಯಲ್ಲಿಯೇ ನಾಟಕದ ಮರ್ಮವಿದೆ. ಶವವು ಮನೆಯಲ್ಲಿರುವಾಗ ಹೆರಕ್ಲೀಸನು ಬಾಗಿಲಿಗೆ ಬಂದು, ಮನೆಯು ಶೋಕದಲ್ಲಿರುವುದನ್ನು ಕಂಡು, ಬೇರೆ ಕಡೆಗೆ ಹೋಗುವೆನೆನ್ನುತ್ತಾನೆ. ಅಡ್ಮೀಟಸನು ಬಿಡುವುದಿಲ್ಲ. ಸತ್ತವಳು ಯಾರೆಂದು ಕೇಳಿದುದಕ್ಕೆ, ರಕ್ತಸಂಬಂಧವಿಲ್ಲದ ಹೊರಗಿನವಳು, ತಂದೆ ಸತ್ತ ಮೇಲೆ ಈ ಮನೆಯಲ್ಲಿ ಬೆಳೆದವಳು ಎಂದು ದ್ವ್ಯರ್ಥವಾಗಿ ಉತ್ತರ ಕೊಡುತ್ತಾನೆ. ಗ್ರೀಕ್ ಮೂಲದ ಪದಕ್ಕೆ ‘ಪರಕೀಯೆ’ ಎಂಬ ಅರ್ಥವೂ ಆಗುವುದು; ಹೆಂಡತಿಯು ರಕ್ತದಿಂದ ಬಂಧುವಲ್ಲವಾದುದರಿಂದ ಅದು ಅಕ್ಷರಶಃ ಸುಳ್ಳೂ ಅಲ್ಲ. ತನಗಾಗಿ ಪ್ರಾಣ ಬಿಟ್ಟವಳನ್ನು, ಅವಳ ದೇಹವಿನ್ನೂ ಮನೆಯಿಂದ ಹೊರಡದಿರುವಾಗಲೇ, ಗಂಡನು ಹೊರಗಿನವಳೆಂದನು. ಮೇಳದ ವೃದ್ಧರೂ ಮೊದಲು ಇದೆಂಥ ಹುಚ್ಚೆಂದು ಗದರಿಸುತ್ತಾರೆ. ಕಾರಣವನ್ನು ಕೇಳಿದ ಮೇಲೆ ಆ ಮನೆಯ ಆತಿಥ್ಯವನ್ನು ಹಾಡಿ ಹೊಗಳುತ್ತಾರೆ. ಒಂದೇ ಕೃತ್ಯವು ಕೆಲವೇ ಕ್ಷಣಗಳಲ್ಲಿ ನಿಂದೆಗೂ ಸ್ತುತಿಗೂ ವಿಷಯವಾಗುತ್ತದೆ. ಮುಂದೆ ಹೆರಕ್ಲೀಸನು ಮೃತ್ಯುವಿನೊಡನೆ ಹೋರಲು ಹೊರಡುವುದು ಈ ಆತಿಥ್ಯಕ್ಕೆ ಪ್ರತ್ಯುಪಕಾರವಾಗಿಯೇ. ಅಂದರೆ ಮೃತಳಿಗೆ ಅಪಚಾರವಾದ ಕೃತ್ಯವೇ ಅವಳ ಪುನರಾಗಮನಕ್ಕೆ ಕಾರಣವಾಯಿತು. ಗುಣವೊಂದು, ದೋಷವೊಂದು ಎಂದು ಬೇರ್ಪಡಿಸಿ ತೂಗಲು ಇಲ್ಲಿ ಎರಡು ವಸ್ತುಗಳಿಲ್ಲ.

ಕೊನೆಯ ದೃಶ್ಯವೂ ಹೀಗೆಯೇ ನಡೆಯುತ್ತದೆ. ಶ್ಮಶಾನದಿಂದ ಹಿಂದಿರುಗಿದ ಅಡ್ಮೀಟಸನು ಬರಿಯ ಮನೆಯನ್ನು ನೋಡಿ, ಈಗ ತಿಳಿಯಿತೆನ್ನುತ್ತಾನೆ. ಸಾವಿಗೆ ಹೆದರಿ ಹೆಂಡತಿಯನ್ನು ಬಲಿಗೊಟ್ಟವನೆಂದು ಜನರಾಡುವುದನ್ನು ಅವನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾನೆ. ಇದು ಪಶ್ಚಾತ್ತಾಪವೆಂದು ಕೆಲವರೂ, ಲೋಕಾಪವಾದದ ಭಯವೆಂದು ಕೆಲವರೂ ವ್ಯಾಖ್ಯಾನ ಮಾಡಿದ್ದಾರೆ. ಒಡನೆಯೇ ಹೆರಕ್ಲೀಸನು ಮುಸುಕಿನ ಹೆಣ್ಣನ್ನು ತಂದು, ಪಂದ್ಯದಲ್ಲಿ ಗೆದ್ದುದಾಗಿ ಹೇಳಿ, ಮನೆಯಲ್ಲಿಟ್ಟುಕೊಳ್ಳೆಂದು ಬಲವಂತ ಮಾಡುತ್ತಾನೆ. ಬೇರೆ ಹೆಣ್ಣನ್ನು ಮನೆಗೆ ತರುವುದಿಲ್ಲವೆಂದು ಅಂದೇ ಕೊಟ್ಟ ಮಾತು ಇನ್ನೂ ಗಾಳಿಯಲ್ಲಿದೆ. ಅಡ್ಮೀಟಸನು ಬಹಳವಾಗಿ ಕೊಸರಾಡಿ, ಅತಿಥಿಯ ಮಾತನ್ನು ಮೀರಲಾರದೆ, ಮುಖವನ್ನು ತಿರುಗಿಸಿಕೊಂಡು ಅವಳ ಕೈಯನ್ನು ಹಿಡಿಯುತ್ತಾನೆ. ಪಾಣಿಗ್ರಹಣವನ್ನು ಹೋಲುವ ಈ ಕ್ರಿಯೆಯಿಂದ ಅವನು ಹೆಂಡತಿಗೆ ಕೊಟ್ಟ ಭಾಷೆಯನ್ನು ಮುರಿಯುತ್ತಾನೆ. ಮುರಿದುದರಿಂದಲೇ ಹೆಂಡತಿಯನ್ನು ಪಡೆಯುತ್ತಾನೆ. ನೋಡುವವರು ನಗುತ್ತಾರೆ, ಏಕೆಂದರೆ ಅವಳಾರೆಂದು ಅವರಿಗೆ ಗೊತ್ತು. ನಗುತ್ತಿರುವಾಗಲೇ ಮನಸ್ಸು ಅಳುಕುತ್ತದೆ, ಏಕೆಂದರೆ ಅವನಿಗೆ ಗೊತ್ತಿಲ್ಲ.

ಆಲ್ಸೆಸ್ಟಿಸಳಾದರೋ ಒಂದು ಮಾತನ್ನೂ ಆಡುವುದಿಲ್ಲ. ಪಾತಾಳದ ದೇವತೆಗಳಿಗೆ ಅರ್ಪಿತಳಾದವಳು ಶುದ್ಧಿಹೊಂದಿ ಮೂರನೆಯ ದಿನ ಬರುವವರೆಗೂ ಅವಳ ಧ್ವನಿಯನ್ನು ಕೇಳಲಾಗದೆಂದು ಹೆರಕ್ಲೀಸನು ಹೇಳುತ್ತಾನೆ. ನಾಟಕವನ್ನು ಇಬ್ಬರೇ ನಟರು ಆಡಬಹುದಾಗಿರುವುದರಿಂದ ಈ ಮೌನವು ರಂಗದ ಅನುಕೂಲಕ್ಕಾಗಿ ಬಂದುದೆಂದು ಹೇಳುವುದುಂಟು. ಆದರೆ ಮೂರನೆಯ ನಟನು ಇಪ್ಪತ್ತು ವರ್ಷಗಳ ಹಿಂದೆಯೇ ಈಸ್ಕಿಲಸನ ಪ್ರಯೋಗದಲ್ಲಿ ರಂಗದ ಮೇಲಿದ್ದನು. ಅಗತ್ಯವಿದ್ದರೆ ಯೂರಿಪಿಡೀಸನಿಗೂ ದೊರೆಯುತ್ತಿದ್ದನು. ಕಾರಣವು ಏನೇ ಇರಲಿ, ಫಲವು ಸ್ಪಷ್ಟವಾಗಿದೆ. ಅಡ್ಮೀಟಸನನ್ನು ಕ್ಷಮಿಸಲು ಅಥವಾ ಕ್ಷಮಿಸದಿರಲು ಅಧಿಕಾರವುಳ್ಳ ಒಬ್ಬಳೇ ಒಬ್ಬಳ ತೀರ್ಪು ನಾಟಕದಲ್ಲಿ ಇಲ್ಲ.

ಅವಳ ತ್ಯಾಗದ ಅರ್ಥವೂ ಪ್ರಾಚೀನರಲ್ಲಿ ವಿವಾದಕ್ಕೆ ಹೊರತಾಗಿರಲಿಲ್ಲ. ಪ್ಲೇಟೋವಿನ ‘ಸಿಂಪೋಸಿಯಮ್’ ಸಂವಾದದಲ್ಲಿ ಫೀಡ್ರಸನು ಅವಳನ್ನು ಪ್ರೇಮದ ಪರಾಕಾಷ್ಠೆಗೆ ನಿದರ್ಶನವಾಗಿ ಹೊಗಳುತ್ತಾನೆ. ಅದೇ ಸಂವಾದದಲ್ಲಿ ಡಯೊಟೀಮಾ ಎಂಬವಳು, ಅಳಿಯದ ಕೀರ್ತಿಯ ಆಸೆಯಿಲ್ಲದಿದ್ದರೆ ಆಕೆಯು ಸಾಯುತ್ತಿರಲಿಲ್ಲವೆನ್ನುತ್ತಾಳೆ.

ಮುಂದಿನ ಯುಗಗಳ ಕವಿಗಳು ಈ ಸಂದಿಗ್ಧತೆಯನ್ನು ಸಹಿಸಲಿಲ್ಲ. 1767ರಲ್ಲಿ ವಿಯೆನ್ನಾ ನಗರದಲ್ಲಿ ಪ್ರಯೋಗವಾದ ಗ್ಲುಕ್ ಎಂಬ ಸಂಗೀತಗಾರನ ಗೀತನಾಟಕದಲ್ಲಿ, ರಾಣಿಯು ತನಗಾಗಿ ಸಾಯುವಳೆಂಬುದು ಅಡ್ಮೀಟಸನಿಗೆ ಮೊದಲು ತಿಳಿದೇ ಇರುವುದಿಲ್ಲ. ತಿಳಿದೊಡನೆ ಅವನು ಹೌಹಾರುತ್ತಾನೆ. ರಾಜನು ಹೀಗೆ ಕಳಂಕರಹಿತನಾದನು. ಆದರೆ ಅದೇ ಕೃತಿಯಲ್ಲಿ ಹೆರಕ್ಲೀಸನೂ ಇಲ್ಲ, ಅವನ ಕುಡಿತವೂ ಇಲ್ಲ. ಅಪಾಲೋ ದೇವನೇ ರಾಣಿಯನ್ನು ಹಿಂದಕ್ಕೆ ಕೊಡುತ್ತಾನೆ. 1773ರಲ್ಲಿ ವೈಮಾರಿನಲ್ಲಿ ಆಡಿದ ವೀಲಂಡನ ಗೀತನಾಟಕದಲ್ಲಿ ಹೆರಕ್ಲೀಸನಿದ್ದಾನೆ. ಆದರೆ ಅವನು ಸದ್ಗುಣದ ಮೂರ್ತಿಯಾಗಿಬಿಟ್ಟಿದ್ದಾನೆ. ತರುಣನಾದ ಗಯಟೆಯು ಇದನ್ನು ಕಂಡು ಕೆರಳಿ, ‘ದೇವತೆಗಳು, ವೀರರು ಮತ್ತು ವೀಲಂಡ್’ ಎಂಬ ಪ್ರಹಸನವನ್ನು ಬರೆದು 1774ರಲ್ಲಿ ಪ್ರಕಟಿಸಿದನು. ಅದರಲ್ಲಿ ಯೂರಿಪಿಡೀಸನೂ ಆಲ್ಸೆಸ್ಟಿಸಳೂ ಪಾತ್ರಗಳಾಗಿ ಬಂದು ವೀಲಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಅಜಾನುಬಾಹುವಾದ ಹೆರಕ್ಲೀಸನು ಬಂದು ಅವನ ಸದ್ಗುಣಕಲ್ಪನೆಯನ್ನೇ ಗೇಲಿಮಾಡುತ್ತಾನೆ. ದೊರೆಯ ಚಾರಿತ್ರವನ್ನು ಮಡಿಮಾಡಿದಲ್ಲೆಲ್ಲ ನಗೆಯೂ ತೊಳೆದುಹೋಗುವುದೆಂಬುದು ಈ ಎರಡು ನಿದರ್ಶನಗಳಿಂದ ಕಾಣಬರುವ ಸಂಗತಿ.

19ನೆಯ ಶತಮಾನದ ವಿಮರ್ಶೆಯು ಬೇರೆ ಮಾರ್ಗಗಳನ್ನು ಹಿಡಿಯಿತು. ಬ್ರೌನಿಂಗ್ ಕವಿಯು 1871ರಲ್ಲಿ ಈ ನಾಟಕವನ್ನು ತನ್ನ ನೀಳ್ಗವನವೊಂದರಲ್ಲಿ ಪುನಃ ಹೇಳಿ, ಅಡ್ಮೀಟಸನು ದುಃಖದಿಂದ ಕ್ರಮೇಣ ಸುಧಾರಿಸುವನೆಂದು ಚಿತ್ರಿಸಿದನು. ವೆರಾಲ್ ಎಂಬ ಪಂಡಿತನು 1895ರಲ್ಲಿ, ಆಲ್ಸೆಸ್ಟಿಸ್ ಸತ್ತೇ ಇರಲಿಲ್ಲ, ಕವಿಯು ಪುರಾಣವನ್ನೇ ಅಣಕಿಸಿದ್ದಾನೆ ಎಂದು ವಾದಿಸಿದನು. 1954ರ ತಮ್ಮ ಸಂಪಾದನೆಯಲ್ಲಿ ಎ. ಎಂ. ಡೇಲ್ ಅವರು, ಪಾತ್ರಗಳ ಮನಸ್ಸನ್ನು ಇಷ್ಟು ಬಗೆಯುವುದೇ ಆಧುನಿಕರ ದೋಷವೆಂದು ಎಚ್ಚರಿಸಿದರು. 1965ರಲ್ಲಿ ಆನ್ ಬರ್ನೆಟ್ ಅವರು ಅಡ್ಮೀಟಸನ ಗುಣಗಳ ಪರವಾಗಿ ಒಂದು ಪ್ರಬಂಧವನ್ನೇ ಬರೆದರು. ಮೂಲದ ಮಿಶ್ರರುಚಿಯನ್ನು ಉಳಿಸಿಕೊಂಡವನು ಟಿ. ಎಸ್. ಎಲಿಯಟ್ ಎನ್ನಬಹುದು. 1949ರಲ್ಲಿ ಎಡಿನ್‌ಬರೋ ನಗರದಲ್ಲಿ ಆಡಿದ ಅವನ ‘ದಿ ಕಾಕ್‌ಟೇಲ್ ಪಾರ್ಟಿ’ ಎಂಬ ಹರ್ಷನಾಟಕದಲ್ಲಿ ಅಪರಿಚಿತ ಅತಿಥಿಯೊಬ್ಬನು ಕುಡಿದು ಹಾಡುತ್ತಾನೆ. ಅದರ ಮೂಲವು ‘ಆಲ್ಸೆಸ್ಟಿಸ್’ ಎಂದು ಯಾರೂ ಗುರುತಿಸದಿರಲು, ಕವಿಯೇ 1951ರಲ್ಲಿ ಅದನ್ನು ಹೊರಗೆಡಹಬೇಕಾಯಿತು.

ಈ ಚರಿತ್ರೆಯಿಂದ ಒಂದು ಅಂಶವು ಸಿದ್ಧವಾಗುತ್ತದೆ. ಅಡ್ಮೀಟಸನನ್ನು ನಿರ್ದೋಷಿಯೆಂದು ಸ್ಥಾಪಿಸಿದರೆ ನಾಟಕವು ಮಂಗಳಕರವಾದ ಕಥೆಯಾಗುತ್ತದೆ. ಹೇಡಿಯೆಂದು ಸ್ಥಾಪಿಸಿದರೆ ವಿಡಂಬನೆಯಾಗುತ್ತದೆ. ಇವೆರಡೂ ಆಗದೆ ಉಳಿದಿರುವುದರಿಂದಲೇ ಅದು ರುದ್ರನಾಟಕಕ್ಕೂ ಸ್ಯಾಟಿರ್ ನಾಟಕಕ್ಕೂ ನಡುವೆ, ತನಗೆ ದೊರೆತ ನಾಲ್ಕನೆಯ ಪೀಠದಲ್ಲಿ, ಒಂಟಿಯಾಗಿ ಕುಳಿತಿದೆ. ಇಲ್ಲಿ ರೂಪಕಜಾತಿಯ ಅನಿಶ್ಚಯವು ನಾಯಕನ ಗುಣದೋಷಗಳ ಅನಿಶ್ಚಯದಿಂದಲೇ ಹುಟ್ಟಿದುದು.

ಕನ್ನಡದಲ್ಲಿ ಈ ವಿಚಾರಕ್ಕೆ ಇನ್ನೊಂದು ಪ್ರಯೋಜನವುಂಟು. ಗ್ರೀಕರ ಈ ನಾಟಕಜಾತಿಯನ್ನು ಹೆಸರಿಸಲು ‘ದುಃಖಾಂತ ನಾಟಕ’ವೆಂಬ ಮಾತೂ ‘ರುದ್ರನಾಟಕ’ವೆಂಬ ಮಾತೂ ಬಳಕೆಯಲ್ಲಿವೆ. ಮೊದಲನೆಯದು ಮುಕ್ತಾಯವನ್ನು ಮಾತ್ರ ನೋಡಿ ಇಟ್ಟ ಹೆಸರು. ಅದನ್ನು ಹಿಡಿದು ಹೊರಟ ವಿದ್ಯಾರ್ಥಿಗೆ ಈಸ್ಕಿಲಸನ ಕಥಾತ್ರಯದ ಕೊನೆಯೂ ‘ಫಿಲಾಕ್ಟಿಟೀಸ್’ ನಾಟಕವೂ ಅಪವಾದಗಳಾಗಿ ತೋರುವುವು, ‘ಆಲ್ಸೆಸ್ಟಿಸ್’ ಅಂತೂ ಲೆಕ್ಕಕ್ಕೇ ಬಾರದು. ಬಿ. ಎಂ. ಶ್ರೀಕಂಠಯ್ಯನವರ ‘ಗದಾಯುದ್ಧ ನಾಟಕಂ’, ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಭಾರತಕಥೆಗೆ ಹೊಂದಿಸಿದ ‘ಅಶ್ವತ್ಥಾಮನ್’, ಈಸ್ಕಿಲಸನಿಂದ ತಂದ ‘ಪಾರಸಿಕರು’ ಇವುಗಳ ಮೂಲಕ ಕನ್ನಡಿಗರಿಗೆ ಪರಿಚಿತವಾದ ಎರಡನೆಯ ಹೆಸರಾದರೋ ಮುಕ್ತಾಯವನ್ನು ಬಿಟ್ಟು ಒಳಗಿನ ಉಗ್ರತೆಯ ಕಡೆಗೆ ಬೆರಳು ತೋರಿಸುತ್ತದೆ. ರುದ್ರನು ಶಿವನೂ ಆಗಿರುವನೆಂಬುದು ಈ ನಾಡಿಗೆ ಹೊಸ ಮಾತಲ್ಲ. ಆ ದೃಷ್ಟಿಯಿಂದ ನೋಡಿದರೆ, ಸತ್ತವಳು ಬದುಕಿ ಬಂದು ಮನೆಯ ಬಾಗಿಲಲ್ಲಿ ಮಾತಿಲ್ಲದೆ ನಿಂತಿರುವ ಈ ಮುಕ್ತಾಯವನ್ನು ರುದ್ರನಾಟಕದ ಹೊರಗೆ ತಳ್ಳಬೇಕಾದ ಕಾರಣವು ಕಾಣುವುದಿಲ್ಲ. ದೊರೆಯು ರಾಜ್ಯದಲ್ಲೆಲ್ಲ ಹಬ್ಬವನ್ನು ಸಾರುತ್ತಾನೆ. ಅವಳು ಮೂರನೆಯ ದಿನ ಏನು ಹೇಳುವಳೆಂಬುದನ್ನು ಕವಿಯು ಹೇಳಿಲ್ಲ. ಪಾಠ ಹೇಳುವವರೂ ಅದನ್ನು ಅವಳ ಪರವಾಗಿ ಹೇಳದಿರುವುದೇ ಕೃತಿಗೆ ಸಲ್ಲಿಸತಕ್ಕ ನ್ಯಾಯ.